ಊರ ಕಟ್ಟೆ, ಊರ ಹೊಣೆ: ಕರಾವಳಿ ಗ್ರಾಮಗಳ ಅಭಿವೃದ್ಧಿಯಲ್ಲಿ ಸಾಮೂಹಿಕ ಜವಾಬ್ದಾರಿ ಮತ್ತು ಜನರ ಸಹಭಾಗಿತ್ವ

ಪೀಠಿಕೆ

ಭಟ್ಕಳ ತಾಲ್ಲೂಕಿನ ಹೆಬಳೆಯಂತಹ ಕರಾವಳಿ ಗ್ರಾಮವನ್ನು ಗಮನಿಸಿ. ಪಶ್ಚಿಮಕ್ಕೆ ತೆಂಗಿನಗುಂಡಿಯ ಬಂದರು ಮತ್ತು ಮೀನುಗಾರರ ಮನೆಗಳಿವೆ. ಒಳಭಾಗದಲ್ಲಿ ಭತ್ತದ ಗದ್ದೆ ಮತ್ತು ತೆಂಗಿನ ತೋಟಗಳಿವೆ. ಪೂರ್ವದಲ್ಲಿ ಘಟ್ಟದ ಸಾಲು ಇದೆ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಪಟ್ಟಿಯಲ್ಲಿ, ಘಟ್ಟದ ಮೇಲೆ ಸುರಿದ ನೀರು ಕೆಲವೇ ಗಂಟೆಗಳಲ್ಲಿ ಹಳ್ಳ-ತೋಡುಗಳ ಮೂಲಕ ಊರನ್ನು ಹಾದು ಸಮುದ್ರ ಸೇರಬೇಕು. ಅದೇ ಹೊತ್ತಿಗೆ ಸಮುದ್ರದ ಉಬ್ಬರ ಎದುರಾದರೆ ನೀರು ಗದ್ದೆಯಲ್ಲಿಯೇ ನಿಲ್ಲುತ್ತದೆ.

ಇಂತಹ ಊರಿನಲ್ಲಿ ಒಬ್ಬ ರೈತರು ತಮ್ಮ ಗದ್ದೆಯ ಬದುವನ್ನು ಎಷ್ಟೇ ಅಚ್ಚುಕಟ್ಟಾಗಿ ಇಟ್ಟುಕೊಂಡರೂ, ಕೆಳಗಿನ ತೋಡಿನಲ್ಲಿ ಹೂಳು ತುಂಬಿದ್ದರೆ ಅವರ ಸಸಿ ಕೊಳೆಯುತ್ತದೆ. ಹೊಳೆದಂಡೆಯ ಕಟ್ಟೆ ಒಂದು ಕಡೆ ಒಡೆದರೂ ಉಪ್ಪುನೀರು ಇಡೀ ಬಯಲಿಗೆ ನುಗ್ಗುತ್ತದೆ. 2022 ರ ಆಗಸ್ಟ್ 2 ರಂದು ಸುರಿದ ಮಳೆಗೆ ಭಟ್ಕಳ ಪಟ್ಟಣ ಮತ್ತು ಸುತ್ತಲಿನ ಗ್ರಾಮಗಳು ಜಲಾವೃತವಾದವು. ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ನಾಲ್ವರು ಮೃತಪಟ್ಟರು. ಅಂತಹ ಮಳೆಯನ್ನು ಯಾವ ಗ್ರಾಮವೂ ತಡೆಯಲಾರದು. ಆದರೆ ನೀರಿನ ದಾರಿಯನ್ನು ತೆರೆದಿಡುವುದು, ಕಟ್ಟೆಯ ಬಿರುಕನ್ನು ಮೊದಲೇ ಕಾಣುವುದು, ಅಪಾಯದ ಸ್ಥಳವನ್ನು ಪಂಚಾಯಿತಿಯ ಗಮನಕ್ಕೆ ತರುವುದು ಗ್ರಾಮದವರ ಕೈಯಲ್ಲಿದೆ.

ಸಾಮೂಹಿಕ ಜವಾಬ್ದಾರಿ ಎಂಬ ಮಾತನ್ನು ಭಾಷಣಗಳಲ್ಲಿ ಎಲ್ಲರೂ ಕೇಳಿದ್ದೇವೆ. ಆದರೆ ಎಲ್ಲರ ಕೆಲಸವೆಂದು ಬಿಟ್ಟ ಕೆಲಸ ಕೊನೆಗೆ ಯಾರ ಕೆಲಸವೂ ಆಗುವುದಿಲ್ಲ. ಯಾವ ಕೆಲಸ ಯಾರದು, ಯಾವಾಗ ಮಾಡಬೇಕು, ಮಾಡದಿದ್ದರೆ ಏನು ಎಂಬುದು ಬರವಣಿಗೆಯಲ್ಲಿ ನಿಶ್ಚಯವಾದಾಗ ಮಾತ್ರ ಹೊಣೆ ಹಂಚಿಕೆಯಾಗುತ್ತದೆ. ಅದನ್ನು ಮಾಡುವ ಕ್ರಮವನ್ನು ಉತ್ತರ ಕನ್ನಡ ಕರಾವಳಿಯ ಎರಡು ಅನುಭವಗಳ ಆಧಾರದಿಂದ ಇಲ್ಲಿ ವಿವರಿಸಲಾಗಿದೆ.

ಮೊದಲ ಅನುಭವ: ಕುಮಟಾದ ಗಜನಿ ಭೂಮಿ

ಅಘನಾಶಿನಿ ನದಿಯ ಅಳಿವೆ ಪ್ರದೇಶದಲ್ಲಿ ಉಬ್ಬರದ ನೀರು ತಲುಪುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಮಾಣಿಕಟ್ಟಾ ಮೊದಲಾದ ಊರುಗಳಲ್ಲಿ ಈ ಗದ್ದೆಗಳಲ್ಲಿ ತಲೆಮಾರುಗಳಿಂದ ಕಗ್ಗ ಭತ್ತವನ್ನು ಬೆಳೆಯುತ್ತಾ ಬಂದಿದ್ದಾರೆ. ಉಪ್ಪಿನಂಶವನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳಿಕೊಳ್ಳುವ ಈ ಎತ್ತರದ ತಳಿಗೆ ನದಿ ತರುವ ಮೆಕ್ಕಲು ಮಣ್ಣೇ ಗೊಬ್ಬರ. ಮಳೆಗಾಲದಲ್ಲಿ ಭತ್ತ, ಕೊಯ್ಲಿನ ನಂತರ ಅದೇ ನೀರಿನಲ್ಲಿ ಮೀನು ಮತ್ತು ಸಿಗಡಿ ಎಂಬುದು ಇಲ್ಲಿಯ ಪದ್ಧತಿ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಬಗೆಯ ಕ್ರಮವಿದೆ.

ಈ ಕೃಷಿಯ ಆಧಾರ ತಳಿ ಮಾತ್ರವಲ್ಲ, ಕಟ್ಟೆ ಕೂಡ. ಸಾಮಾನ್ಯ ಭತ್ತದ ಇಳುವರಿಯು ಮಣ್ಣಿನ ಲವಣಾಂಶ ಮೀಟರಿಗೆ 3 ಡೆಸಿಸೀಮನ್ಸ್ ಮೀರಿದೊಡನೆ ಕುಸಿಯತೊಡಗಿ, 7 ರ ಸುಮಾರಿಗೆ ಅರ್ಧಕ್ಕೆ ಇಳಿಯುತ್ತದೆ. ಕಗ್ಗಕ್ಕೆ ಇದಕ್ಕಿಂತ ಹೆಚ್ಚಿನ ಸಹನಶಕ್ತಿಯಿದ್ದರೂ ಮಿತಿಯಿಲ್ಲದ ಉಪ್ಪನ್ನು ಅದೂ ತಾಳಲಾರದು. ಆದ್ದರಿಂದ ಮಳೆಯ ನೀರಿನಿಂದ ಉಪ್ಪು ತೊಳೆದುಹೋಗುವವರೆಗೆ ಕಾದು, ಇಳಿತದಲ್ಲಿ ತೂಬಿನ ಬಾಗಿಲು ತೆರೆದು ನೀರು ಹೊರಬಿಟ್ಟು, ಉಬ್ಬರದಲ್ಲಿ ಮುಚ್ಚಬೇಕು. ಈ ಬಾಗಿಲು ಬಯಲಿಗೆಲ್ಲ ಒಂದೇ ಆಗಿರುವುದರಿಂದ ತೆರೆಯುವ ಮತ್ತು ಮುಚ್ಚುವ ನಿರ್ಧಾರವೂ ಒಂದೇ ಆಗಿರಬೇಕು. ಒಬ್ಬರು ಬಿತ್ತನೆ ತಡಮಾಡಿದರೆ, ಇನ್ನೊಬ್ಬರು ಮೀನಿಗಾಗಿ ಬೇಗ ನೀರು ಬಿಟ್ಟರೆ, ಎಲ್ಲರ ಬೆಳೆಗೂ ಹಾನಿ.

ಹಿಂದೆ ಮಣ್ಣಿನ ಕಟ್ಟೆಗಳನ್ನು ರೈತರೇ ಸೇರಿ ಕಟ್ಟಿ, ಪ್ರತಿ ವರ್ಷ ದುರಸ್ತಿ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಖಾರ್‌ಲ್ಯಾಂಡ್ ಯೋಜನೆಗಳ ಮೂಲಕ ಸರ್ಕಾರ ಗಟ್ಟಿ ಕಟ್ಟೆಗಳನ್ನು ನಿರ್ಮಿಸಿತು. ಇದರಿಂದ ಅನುಕೂಲವಾದದ್ದು ನಿಜ. ಆದರೆ ಕಟ್ಟೆ ಸರ್ಕಾರದ್ದು ಎಂಬ ಭಾವನೆ ಬಲಿತಂತೆ, ಏಡಿ ಕೊರೆದ ಸಣ್ಣ ತೂತನ್ನು ಆ ದಿನವೇ ಮುಚ್ಚುವ ಅಭ್ಯಾಸ ಹಲವೆಡೆ ತಪ್ಪಿತು. ಸಿಗಡಿಗೆ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಅನೇಕ ಗಜನಿಗಳು ಗುತ್ತಿಗೆಗೆ ಹೋಗಿ, ತೂಬಿನ ಬಾಗಿಲಿನ ನಿಯಂತ್ರಣ ಬೇಸಾಯಗಾರರ ಕೈತಪ್ಪಿತು. ಉಪ್ಪುನೀರು ನಿಂತಲ್ಲಿ ಕಗ್ಗ ಹಿಂದೆ ಸರಿಯಿತು. ಒಮ್ಮೆ ಬಿಟ್ಟ ಗದ್ದೆಯನ್ನು ಮತ್ತೆ ಭತ್ತಕ್ಕೆ ತರುವುದು ಒಂದು ಕುಟುಂಬದಿಂದ ಆಗುವ ಕೆಲಸವಲ್ಲ. 2024 ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿದೆ. ಆದರೆ ಆ ಮನ್ನಣೆಯಿಂದ ಕಟ್ಟೆಯ ತೂತು ಮುಚ್ಚುವುದಿಲ್ಲ; ಅದಕ್ಕೆ ಊರಿನವರ ಕೈಗಳೇ ಬೇಕು.

ಎರಡನೆಯ ಅನುಭವ: ಹಳಕಾರದ ಗ್ರಾಮ ಅರಣ್ಯ

ಕುಮಟಾ ಪಟ್ಟಣದ ಸಮೀಪದ ಹಳಕಾರದಲ್ಲಿ ಗ್ರಾಮಸ್ಥರೇ ನೋಡಿಕೊಳ್ಳುವ ಅರಣ್ಯವಿದೆ. ಈ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ರೈತರ ಅರಣ್ಯ ಬಳಕೆಯ ಬಗ್ಗೆ 1920 ರ ದಶಕದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಸಲ್ಲಿಸಿದ ವರದಿಯ ನಂತರ ಇಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳು ರೂಪುಗೊಂಡವು. ಗ್ರಾಮಸ್ಥರು ಆರಿಸಿದ ಸಮಿತಿಯು ಸೌದೆ, ಸೊಪ್ಪು, ದರಕುಗಳ ಬಳಕೆಗೆ ನಿಯಮ ಮಾಡಿ ಅರಣ್ಯವನ್ನು ಕಾಯಿಸಿತು. ಮುಂದೆ 1970 ರ ದಶಕದ ಕೊನೆಯಲ್ಲಿ ಇಂತಹ ಪಂಚಾಯಿತಿಗಳನ್ನು ರದ್ದುಗೊಳಿಸುವ ಆದೇಶ ಬಂದಾಗ, ಹಳಕಾರದವರು ನ್ಯಾಯಾಲಯದ ಮೊರೆಹೋಗಿ ತಮ್ಮ ವ್ಯವಸ್ಥೆಯನ್ನು ಉಳಿಸಿಕೊಂಡರು. ಪಟ್ಟಣದ ಅಂಚಿನಲ್ಲಿದ್ದರೂ ಆ ಅರಣ್ಯ ಉಳಿದಿರುವುದಕ್ಕೆ ಕಾರಣ ಸ್ಪಷ್ಟ: ಕಾಯುವ ಹೊಣೆ ಹೊತ್ತವರಿಗೆ ಬಳಸುವ ಹಕ್ಕೂ ಇತ್ತು.

ಈ ಅನುಭವಗಳಿಂದ ತಿಳಿಯಬೇಕಾದ ಅಂಶಗಳು

ಸಾಮೂಹಿಕ ಸಂಪನ್ಮೂಲಗಳನ್ನು ಜನರು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಹಲವು ದೇಶಗಳಲ್ಲಿ ಅಧ್ಯಯನ ಮಾಡಿದ ಎಲಿನೋರ್ ಓಸ್ಟ್ರಮ್ ಅವರಿಗೆ 2009 ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಅವರು ಗುರುತಿಸಿದ ಮುಖ್ಯ ಸೂತ್ರಗಳನ್ನು ನಮ್ಮ ಊರಿನ ಮಾತಿನಲ್ಲಿ ಹೀಗೆ ಹೇಳಬಹುದು:

1. ಯಾವ ಬಯಲು, ಯಾವ ತೋಡು, ಯಾವ ಕುಟುಂಬಗಳು ಎಂಬ ಗಡಿ ಸ್ಪಷ್ಟವಾಗಿರಬೇಕು.
2. ನಿಯಮವು ಆ ನೆಲದ ಮಳೆ, ಉಬ್ಬರ ಮತ್ತು ಬೆಳೆಗೆ ಹೊಂದಿಕೆಯಾಗಿರಬೇಕು.
3. ನಿಯಮ ಪಾಲಿಸಬೇಕಾದವರಿಗೆ ನಿಯಮ ಮಾಡುವಲ್ಲಿಯೂ ಮಾತು ಇರಬೇಕು.
4. ಮೇಲ್ವಿಚಾರಣೆ ಊರಿನವರಿಂದಲೇ ನಡೆಯಬೇಕು, ಲೆಕ್ಕ ಎಲ್ಲರಿಗೂ ಕಾಣಬೇಕು.
5. ಮೊದಲ ತಪ್ಪಿಗೆ ಎಚ್ಚರಿಕೆ, ಮತ್ತೆ ತಪ್ಪಿದರೆ ಸಣ್ಣ ದಂಡ, ಹೀಗೆ ಕ್ರಮ ಹಂತಹಂತವಾಗಿರಬೇಕು.
6. ಜಗಳ ಊರಿನಲ್ಲಿಯೇ ಬೇಗನೆ ತೀರಲು ಒಂದು ವೇದಿಕೆ ಇರಬೇಕು.
7. ಊರಿನ ವ್ಯವಸ್ಥೆಗೆ ಸರ್ಕಾರದ ಮಾನ್ಯತೆ ಇರಬೇಕು.

ಹೊಣೆಯ ಹಂಚಿಕೆ: ಯಾರ ಕೆಲಸ ಯಾವುದು?

ಸಹಭಾಗಿತ್ವವೆಂದರೆ ಸರ್ಕಾರ ಮಾಡಬೇಕಾದ ಕೆಲಸವನ್ನು ಜನರ ತಲೆಗೆ ಕಟ್ಟುವುದಲ್ಲ. ಕಟ್ಟೆ ಮರುನಿರ್ಮಾಣದಂತಹ ದೊಡ್ಡ ವೆಚ್ಚವನ್ನು ರೈತರ ಶ್ರಮದಾನ ತುಂಬಿಕೊಡಲಾರದು. ಹಾಗೆಯೇ ಪ್ರತಿದಿನದ ಕಾವಲನ್ನು ಯಾವ ಇಲಾಖೆಯೂ ಮಾಡಲಾರದು. ಆದ್ದರಿಂದ ಕೆಳಗಿನ ಹಂಚಿಕೆಯನ್ನು ಮಾದರಿಯಾಗಿ ಇಟ್ಟುಕೊಂಡು, ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

*ಪ್ರತಿ ಕುಟುಂಬ:* ತನ್ನ ಜಮೀನಿನ ಅಂಚಿನ ತೋಡನ್ನು ಮಳೆಗೆ ಮೊದಲು ಶುಚಿಗೊಳಿಸುವುದು. ತೋಡಿಗೆ ಕಸ, ಪ್ಲಾಸ್ಟಿಕ್, ತೆಂಗಿನ ಗರಿ ಹಾಕದಿರುವುದು. ನಿಗದಿಯಾದ ದಿನ ಒಂದು ಆಳು ಅಥವಾ ಅದರ ಕೂಲಿಯನ್ನು ನೀಡುವುದು.

*ಬಯಲಿನ ರೈತರ ಸಮಿತಿ:* ತೂಬಿನ ಬಾಗಿಲಿನ ಕಾವಲು, ಬಿತ್ತನೆ ಮತ್ತು ನೀರು ಬಿಡುವ ದಿನಗಳ ನಿರ್ಧಾರ, ಸಣ್ಣ ದುರಸ್ತಿ, ಲೆಕ್ಕಪತ್ರ.

*ಗ್ರಾಮ ಪಂಚಾಯಿತಿ:* ಸಾರ್ವಜನಿಕ ತೋಡು ಮತ್ತು ಮೋರಿಗಳ ಹೂಳೆತ್ತುವಿಕೆ. ಒತ್ತುವರಿ ಕಂಡಲ್ಲಿ ಕ್ರಮಕ್ಕೆ ಮುಂದಾಗುವುದು. ಕಾಮಗಾರಿಯನ್ನು ಕ್ರಿಯಾಯೋಜನೆಗೆ ಸೇರಿಸುವುದು. ಮೇಲಿನ ಇಲಾಖೆಗಳೊಂದಿಗೆ ಪತ್ರವ್ಯವಹಾರ.

*ಇಲಾಖೆಗಳು:* ಖಾರ್‌ಲ್ಯಾಂಡ್ ಕಟ್ಟೆಗಳ ದೊಡ್ಡ ಕಾಮಗಾರಿ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಕಟ್ಟೆಯ ಹೊರಬದಿಯ ಕಾಂಡ್ಲಾ ಗಿಡಗಳು ಅಲೆಯ ಹೊಡೆತವನ್ನು ತಗ್ಗಿಸುತ್ತವೆ. ಅವನ್ನು ಕಡಿಯಬಾರದು, ಹೊಸದಾಗಿ ನೆಡುವ ಮೊದಲು ಅರಣ್ಯ ಇಲಾಖೆಯ ಸಲಹೆ ಪಡೆಯಬೇಕು.

ಸಭೆಗಳ ಬಳಕೆ

ಸಂವಿಧಾನದ 73 ನೇ ತಿದ್ದುಪಡಿ 1993 ರ ಏಪ್ರಿಲ್ 24 ರಂದು ಜಾರಿಗೆ ಬಂದು ಗ್ರಾಮ ಸಭೆಗೆ ಸಾಂವಿಧಾನಿಕ ಸ್ಥಾನ ದೊರೆಯಿತು. ಅದೇ ವರ್ಷದ ರಾಜ್ಯ ಕಾಯಿದೆಯನ್ನು ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಕರೆಯಲಾಗುತ್ತದೆ. ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮ ಸಭೆಯ ಸದಸ್ಯರು. ಜಮೀನಿಲ್ಲದವರು, ಗೇಣಿಗೆ ಮಾಡುವವರು, ಮೀನುಗಾರರು, ಮಹಿಳೆಯರು ಎಲ್ಲರಿಗೂ ಇಲ್ಲಿ ಸಮಾನ ಹಕ್ಕಿದೆ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು.

ಇಲ್ಲಿ ರೈತರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಕಟ್ಟೆ ಮತ್ತು ತೋಡಿನ ನೆನಪು ಬರುವುದು ಮೇ ತಿಂಗಳಲ್ಲಿ. ಆದರೆ ಮುಂದಿನ ವರ್ಷದ ಯೋಜನೆ ಸಿದ್ಧವಾಗುವುದು ಹಿಂದಿನ ವರ್ಷದ ಕೊನೆಯಲ್ಲಿ. ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಗಾಗಿ 2018 ರಿಂದ ಅಕ್ಟೋಬರ್ 2 ರಂದು ಆರಂಭವಾಗುವ ಜನರ ಯೋಜನೆ ಅಭಿಯಾನ ನಡೆಯುತ್ತಾ ಬಂದಿದೆ. ಕೊಯ್ಲಿನ ಗಡಿಬಿಡಿಯಲ್ಲಿ ಈ ಸಭೆ ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ. ಆದ್ದರಿಂದ ಬೇಡಿಕೆಯನ್ನು ಸಿದ್ಧಪಡಿಸುವಾಗ ಕೆಳಗಿನ ಕ್ರಮ ಅನುಸರಿಸಿ:

1. ಕೆಲಸದ ಸ್ಥಳ, ಸರ್ವೆ ನಂಬರ್, ಉದ್ದ ಮತ್ತು ಅಗಲವನ್ನು ಅಳೆದು ಬರೆಯಿರಿ. "ತೋಡು ಸರಿಮಾಡಿಸಿ" ಎಂಬುದಕ್ಕಿಂತ "ಇಂತಹ ಮೋರಿಯಿಂದ ಹೊಳೆಯವರೆಗೆ ಇಷ್ಟು ಮೀಟರ್ ಹೂಳೆತ್ತುವುದು" ಎಂಬ ಬೇಡಿಕೆಗೆ ಬೆಲೆ ಹೆಚ್ಚು.
2. ಮಳೆಗಾಲದಲ್ಲಿ ನೀರು ನಿಂತಾಗ ತೆಗೆದ ಚಿತ್ರಗಳನ್ನು ದಿನಾಂಕದೊಂದಿಗೆ ಲಗತ್ತಿಸಿ.
3. ಹಾನಿಗೊಳಗಾಗುವ ಕುಟುಂಬಗಳ ಸಂಖ್ಯೆ ಮತ್ತು ವಿಸ್ತೀರ್ಣವನ್ನು ನಮೂದಿಸಿ.
4. ಬೇಡಿಕೆಯನ್ನು ಮೊದಲು ವಾರ್ಡ್ ಸಭೆಯಲ್ಲಿ, ನಂತರ ಗ್ರಾಮ ಸಭೆಯಲ್ಲಿ ಮಂಡಿಸಿ. ನಡವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ಓದಿಸಿ ಕೇಳಿದ ಬಳಿಕವೇ ಸಹಿ ಮಾಡಿ.
5. ಲಿಖಿತ ಅರ್ಜಿಗೆ ಸ್ವೀಕೃತಿ ಪಡೆಯಿರಿ. ಮಾಹಿತಿ ಹಕ್ಕು ಕಾಯಿದೆ, 2005 ರ ಅಡಿಯಲ್ಲಿ ಕಾಮಗಾರಿಯ ಅಂದಾಜುಪಟ್ಟಿ ಮತ್ತು ಬಿಲ್ಲುಗಳ ಪ್ರತಿಯನ್ನು ಕೋರಬಹುದು. ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ದೊರೆಯಬೇಕು.
6. ಕಾಮಗಾರಿ ಮುಗಿದ ಬಳಿಕ ಜಮಾಬಂದಿ ಮತ್ತು ಸಾಮಾಜಿಕ ಪರಿಶೋಧನೆಯ ಸಭೆಗಳಿಗೆ ತಪ್ಪದೆ ಹಾಜರಾಗಿ. ಬೇಡಿಕೆ ಸಲ್ಲಿಸುವುದು ಸಹಭಾಗಿತ್ವದ ಅರ್ಧಭಾಗ. ಲೆಕ್ಕ ಕೇಳುವುದು ಉಳಿದರ್ಧ.

ವರ್ಷದ ಕಾರ್ಯಸೂಚಿ

*ಮಾರ್ಚ್–ಏಪ್ರಿಲ್:* ಸಮಿತಿಯವರು ಮತ್ತು ಪಂಚಾಯಿತಿ ಸದಸ್ಯರು ಒಟ್ಟಾಗಿ ಕಟ್ಟೆ ಮತ್ತು ತೋಡಿನ ಉದ್ದಕ್ಕೂ ನಡೆದು ದುರ್ಬಲ ಸ್ಥಳಗಳನ್ನು ಗುರುತಿಸಬೇಕು. ಊರಿನ ಹಿರಿಯರನ್ನೂ ಕರೆದೊಯ್ಯಿರಿ. ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಅವರಿಗೆ ತಿಳಿದಿರುತ್ತದೆ. ಗುಡ್ಡದ ಇಳಿಜಾರಿನಲ್ಲಿ ಹೊಸ ಬಿರುಕು ಕಂಡರೆ ತಡಮಾಡದೆ ತಹಶೀಲ್ದಾರರ ಕಚೇರಿಗೆ ತಿಳಿಸಿ.

*ಏಪ್ರಿಲ್–ಮೇ:* ದುರಸ್ತಿ ಮತ್ತು ಹೂಳೆತ್ತುವ ಕೆಲಸ. ಅಷ್ಟಮಿ-ನವಮಿಯ ಸುಮಾರಿಗೆ ಉಬ್ಬರದ ಏರಿಳಿತ ಕಡಿಮೆಯಿರುವುದರಿಂದ ಕಟ್ಟೆಯ ಕೆಲಸಕ್ಕೆ ಆ ದಿನಗಳು ಸೂಕ್ತ. ಜೆಸಿಬಿ ಬಳಸುವಾಗ ತೋಡಿನ ದಂಡೆಯ ಬೇರುಳ್ಳ ಗಿಡಗಳನ್ನು ಕೀಳದಂತೆ ನೋಡಿಕೊಳ್ಳಿ. ಎತ್ತಿದ ಹೂಳನ್ನು ದಂಡೆಯ ಮೇಲೆಯೇ ಬಿಟ್ಟರೆ ಮೊದಲ ಮಳೆಗೆ ಅದು ಮತ್ತೆ ತೋಡಿಗೆ ಇಳಿಯುತ್ತದೆ, ದೂರ ಸಾಗಿಸಿ.

*ಜೂನ್–ಸೆಪ್ಟೆಂಬರ್:* ಸರದಿಯ ಕಾವಲು. ಅಮಾವಾಸ್ಯೆ ಮತ್ತು ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಭಾರಿ ಮಳೆ ಕೂಡಿದರೆ ಅಪಾಯ ಹೆಚ್ಚು. ಆ ದಿನಗಳಲ್ಲಿ ಕಾವಲಿಗೆ ಇಬ್ಬರಿರಲಿ. ಮರಳು ತುಂಬಿದ ಚೀಲ, ಗುದ್ದಲಿ, ಬ್ಯಾಟರಿ ದೀಪಗಳನ್ನು ಒಂದೇ ಸ್ಥಳದಲ್ಲಿ ಇಟ್ಟಿರಿ.

*ಅಕ್ಟೋಬರ್–ಡಿಸೆಂಬರ್:* ಕೊಯ್ಲು, ಸಮಿತಿಯ ಲೆಕ್ಕ ಒಪ್ಪಿಸುವಿಕೆ, ಮುಂದಿನ ವರ್ಷದ ಬೇಡಿಕೆ ಮಂಡನೆ. ಕಗ್ಗದಂತಹ ಸ್ಥಳೀಯ ತಳಿಯ ಬೀಜವನ್ನು ಒಂದೇ ಮನೆಯಲ್ಲಿಡದೆ ಮೂರು-ನಾಲ್ಕು ಮನೆಗಳಲ್ಲಿ ಹಂಚಿಡಿ.

*ಜನವರಿ–ಫೆಬ್ರವರಿ:* ಶೇಂಗಾ, ತರಕಾರಿ, ಕಲ್ಲಂಗಡಿ ಬೆಳೆಯುವ ಬಯಲುಗಳಲ್ಲಿ ಜಾನುವಾರು ಬಿಡುವ ದಿನಾಂಕವನ್ನು ಎಲ್ಲರೂ ಸೇರಿ ನಿಗದಿಪಡಿಸಿ.

ಒಟ್ಟಾಗಿ ಮಾಡಿದರೆ ಮಾತ್ರ ಫಲ ನೀಡುವ ಬೇಸಾಯ ಕ್ರಮಗಳು

ಇಲಿಗಳಿಗೆ ಸರ್ವೆ ನಂಬರಿನ ಗಡಿ ಇಲ್ಲ. ಒಬ್ಬರು ವಿಷದ ತಿಂಡಿ ಇಟ್ಟರೆ ಇಲಿಗಳು ಪಕ್ಕದ ಗದ್ದೆಯಿಂದ ಮತ್ತೆ ಬರುತ್ತವೆ. ಇಡೀ ಬಯಲಿನಲ್ಲಿ ಒಂದೇ ದಿನ, ಬೆಳೆ ತೆನೆಯೊಡೆಯುವ ಮುನ್ನವೇ ನಿಯಂತ್ರಣ ಕೈಗೊಂಡು, ಬದುಗಳ ಬಿಲಗಳನ್ನು ಮುಚ್ಚಬೇಕು. ವಿಷದ ತಿಂಡಿಯನ್ನು ಮಕ್ಕಳು, ಸಾಕುಪ್ರಾಣಿಗಳು ಮತ್ತು ಮೀನಿನ ಹೊಂಡಗಳಿಂದ ದೂರವಿಡುವ ಹೊಣೆಯನ್ನು ಹೆಸರಿಸಿದ ಒಬ್ಬರಿಗೆ ವಹಿಸಿ.

ಅಡಿಕೆಯ ಕೊಳೆ ರೋಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ಮುಂಗಾರಿಗೆ ಮೊದಲು ಶೇ. 1 ರ ಬೋರ್ಡೋ ದ್ರಾವಣ, ನಂತರ 40–45 ದಿನಗಳಿಗೆ ಎರಡನೆಯ ಸಿಂಪರಣೆ ಎಂಬುದು ಎಲ್ಲರಿಗೂ ತಿಳಿದ ಶಿಫಾರಸು. ಆದರೆ ಬಿದ್ದ ರೋಗದ ಕಾಯಿಗಳನ್ನು ಆರಿಸದೆ ಬಿಟ್ಟ ಒಂದು ತೋಟವು ಸುತ್ತಲಿನ ತೋಟಗಳಿಗೆ ರೋಗದ ಮೂಲವಾಗುತ್ತದೆ. ವೃದ್ಧರ ಅಥವಾ ಪರಊರಿನಲ್ಲಿರುವವರ ತೋಟಗಳಿಗೆ ನೆರೆಯವರು ಸೇರಿ ಸಿಂಪರಣೆ ಮಾಡಿ ವೆಚ್ಚ ಪಡೆಯುವ ಒಪ್ಪಂದ ಮಾಡಿಕೊಳ್ಳುವುದು ಎಲ್ಲರಿಗೂ ಲಾಭದಾಯಕ. ಹಿಂದಿನ ಮುಯ್ಯಾಳು ಪದ್ಧತಿಯ ತಿರುಳೂ ಇದೇ ಆಗಿತ್ತು.

ಎದುರಾಗುವ ಅಡಚಣೆಗಳು ಮತ್ತು ಪರಿಹಾರ

*ಕೆಲಸಕ್ಕೆ ಬಾರದವರು:* ಎಲ್ಲ ಊರುಗಳಲ್ಲಿಯೂ ಇಂತಹವರಿರುತ್ತಾರೆ. ಮೊದಲು ಕಾರಣ ಕೇಳಿ. ಕಾಯಿಲೆ, ಒಂಟಿ ಮಹಿಳೆಯ ಮನೆ, ದಿನಗೂಲಿಯ ಕುಟುಂಬ ಇಂತಹ ಸಂದರ್ಭಗಳಿಗೆ ವಿನಾಯಿತಿಯನ್ನು ನಿಯಮದಲ್ಲಿಯೇ ಬರೆದಿಡಿ. ಕಾರಣವಿಲ್ಲದೆ ತಪ್ಪಿಸಿಕೊಳ್ಳುವವರಿಂದ ಕೂಲಿಯ ಮೊತ್ತವನ್ನು ಪಡೆಯಿರಿ.

*ಅಸಮಾನ ಹೊರೆ:* ಐದು ಎಕರೆಯವರೂ ಐದು ಗುಂಟೆಯವರೂ ಒಂದೊಂದು ಆಳು ನೀಡಬೇಕೆಂಬ ನಿಯಮ ನೋಡಲು ಸಮಾನ, ವಾಸ್ತವದಲ್ಲಿ ಅನ್ಯಾಯ. ವಂತಿಗೆಯನ್ನು ವಿಸ್ತೀರ್ಣಕ್ಕೆ ತಕ್ಕಂತೆ ನಿಗದಿಪಡಿಸಿ.

*ಭತ್ತ ಮತ್ತು ಮೀನಿನ ನಡುವಿನ ವಿವಾದ:* ನೀರು ಬಿಡುವ ದಿನಾಂಕವನ್ನು ಗುತ್ತಿಗೆ ಪತ್ರದಲ್ಲಿಯೇ ನಮೂದಿಸಿ. ಕಟ್ಟೆಗೆ ಹಾನಿಯಾದರೆ ದುರಸ್ತಿ ಯಾರದು ಎಂಬುದೂ ಅದರಲ್ಲಿರಲಿ. ಮೀನು, ಬಳಚು ಆರಿಸಿ ಬದುಕುವ ಕುಟುಂಬಗಳನ್ನು ಈ ಮಾತುಕತೆಯಿಂದ ಹೊರಗಿಡಬಾರದು.

*ಹಣದ ಅನುಮಾನ:* ಊರಿನ ಒಗ್ಗಟ್ಟು ಒಡೆಯುವುದು ಬಹುಪಾಲು ಲೆಕ್ಕದ ವಿಷಯದಲ್ಲಿ. ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ ತೆರೆಯಿರಿ. ಆದಾಯ-ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳು ಹಾಲು ಸಂಘದ ಗೋಡೆ ಅಥವಾ ಪಡಿತರ ಅಂಗಡಿಯ ಬಳಿ ಅಂಟಿಸಿ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

- ಹೊಸ ಸಂಘ ಕಟ್ಟುವ ಮುನ್ನ ಊರಿನಲ್ಲಿ ಈಗಾಗಲೇ ಇರುವ ವ್ಯವಸ್ಥೆಯನ್ನು ತಿಳಿಯಿರಿ. ಗಜನಿ ಸಮಿತಿ, ಗ್ರಾಮ ಅರಣ್ಯ ಸಮಿತಿ, ಸ್ವಸಹಾಯ ಸಂಘ, ಮೀನುಗಾರರ ಸಹಕಾರಿ ಸಂಘಗಳನ್ನು ಒಂದೆಡೆ ಸೇರಿಸುವುದು ಹೆಚ್ಚು ಫಲಕಾರಿ.
- ಸಭೆಯ ಸಮಯ ನಿಗದಿಪಡಿಸುವಾಗ ಮಹಿಳೆಯರ ಕೆಲಸದ ವೇಳೆ ಮತ್ತು ದೋಣಿಗಳು ಮರಳುವ ವೇಳೆಯನ್ನು ವಿಚಾರಿಸಿ.
- ಮಣ್ಣು ಮತ್ತು ನೀರಿನ ಲವಣಾಂಶ ಪರೀಕ್ಷೆಯನ್ನು ಬಯಲಿಗೆಲ್ಲ ಒಟ್ಟಾಗಿ ಮಾಡಿಸಿ, ಫಲಿತಾಂಶವನ್ನು ನಕ್ಷೆಯ ಮೇಲೆ ತೋರಿಸಿ. ಉಪ್ಪು ಎಲ್ಲಿಂದ ಬರುತ್ತಿದೆ ಎಂದು ಕಣ್ಣಿಗೆ ಕಂಡರೆ ದುರಸ್ತಿಗೆ ಒಮ್ಮತ ಸುಲಭ.
- ಮೊದಲ ವರ್ಷ ಒಂದೇ ತೋಡು ಅಥವಾ ಒಂದೇ ಕಟ್ಟೆಯನ್ನು ಆರಿಸಿ. ಕಂಡ ಫಲ ಮುಂದಿನ ವರ್ಷದ ಸಭೆಗೆ ಜನರನ್ನು ಕರೆತರುತ್ತದೆ.

ಉಪಸಂಹಾರ

ರೈತ ಬಾಂಧವರೇ, ಗ್ರಾಮಾಭಿವೃದ್ಧಿಗೆ ಅನುದಾನ ಬೇಕು, ಅಧಿಕಾರಿಗಳ ಶ್ರದ್ಧೆ ಬೇಕು. ಅವನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು. ಆದರೆ ಮಳೆಗಾಲದ ನಡುರಾತ್ರಿ ಕಟ್ಟೆಯ ಮೇಲೆ ಸಣ್ಣ ತೂತು ಬಿದ್ದಾಗ ಅಲ್ಲಿರುವವರು ಊರಿನವರು ಮಾತ್ರ. ಆ ರಾತ್ರಿ ಯಾರ ಸರದಿ ಎಂಬುದಕ್ಕೆ ನಿಮ್ಮ ಊರಿನಲ್ಲಿ ಬರೆದಿಟ್ಟ ಉತ್ತರ ಇದೆಯೇ ಎಂದು ಪರಿಶೀಲಿಸಿ. ಇಲ್ಲವಾದರೆ ಮುಂದಿನ ವಾರ್ಡ್ ಸಭೆಯ ಮೊದಲ ವಿಷಯವಾಗಿ ಅದನ್ನೇ ಮಂಡಿಸಿ. ಹೆಚ್ಚಿನ ತಾಂತ್ರಿಕ ಸಲಹೆಗಾಗಿ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ ಅಥವಾ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿ.